ಎಷ್ಟು ಹೊತ್ತಿನಲ್ಲಿ ಹತ್ತಿದರು ಅಂತ ಕೇಳಿದ್ದೆಯಲ್ಲ

ಪ್ರೀತಿಯ ಪುಟ್ಟಿ,

ಐಗರ್ ಪರ್ವತದ ಉತ್ತರದ ಗೋಡೆಯನ್ನು ಒಬ್ಬರು 2 ಗಂಟೆ 22 ನಿಮಿಷದಲ್ಲಿ ಹತ್ತಿದ್ದಾರಂತೆ, ಹಾಗಾದ್ರೆ ಅವರೇ ಎಲ್ಲರಿಗಿಂತ ದೊಡ್ಡ ಪರ್ವತಾರೋಹಿ ಅಲ್ವಾ ಎಂದು ನೀನು ಫೋನಿನಲ್ಲಿ ಕೇಳಿದೆ. ಅಷ್ಟು ಸುಲಭವಾಗಿ ಹೇಳೋಕಾಗಲ್ಲ ಎಂದಷ್ಟೇ ಹೇಳಿ ನಾನು ಮಾತು ಬದಲಿಸಿದೆ. ಅದು ಫೋನಿನಲ್ಲಿ ಮುಗಿಯುವ ವಿಷಯವಲ್ಲ. ನೀನು ಉತ್ತರಕಾಶಿಯ ಪರ್ವತಾರೋಹಣದ ಬೇಸಿಕ್ ಕೋರ್ಸ್‌ಗೆ ಹೊರಟಿದ್ದೀಯ. ಅಲ್ಲಿ ಟೆಂಟಿನೊಳಗೆ ಸಂಜೆಯಾದರೆ ಇದೇ ಮಾತು ನಡೆಯುತ್ತದೆ, ಯಾರು ಎಷ್ಟು ಬೇಗ ಹತ್ತಿದರು ಅಂತ. ಅದಕ್ಕೆ ಮೊದಲೇ ಕೂತು ಬರೆಯುತ್ತಿದ್ದೇನೆ.

ನೀನು ಬೆಂಗಳೂರಿನಲ್ಲಿ ಅಭ್ಯಾಸ ಮಾಡುವ ಸ್ಪೀಡ್ ವಾಲ್, ಬೇಗ ಹತ್ತುವ ಸ್ಪರ್ಧೆಯ ಗೋಡೆ, 15 ಮೀಟರ್ ಎತ್ತರ. ಜಗತ್ತಿನ ಯಾವ ಊರಿಗೆ ಹೋದರೂ ಕೈಕಾಲು ಇಡುವ ಅದರ ಹೋಲ್ಡ್‌ಗಳು ಅದೇ ಜಾಗದಲ್ಲಿ ಇರುತ್ತವೆ, ಗೋಡೆ ಅಷ್ಟೇ ವಾಲಿರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿನ ಅಲೆಕ್ಸಾಂಡ್ರಾ ಮಿರೊಸ್ಲಾವ್ ಅದನ್ನು 6.06 ಸೆಕೆಂಡಿನಲ್ಲಿ ಹತ್ತಿದರು. ಅಲ್ಲಿ ಸೆಕೆಂಡೇ ಎಲ್ಲವನ್ನೂ ಹೇಳುತ್ತದೆ. ಯಾರೂ ಜಗಳ ಆಡುವ ಹಾಗಿಲ್ಲ. ಪರ್ವತದಲ್ಲಿ ಹಾಗಲ್ಲ. ಇವತ್ತಿನ ಹಿಮ ನಾಳೆ ಇರುವುದಿಲ್ಲ. ನಿನಗಿಂತ ಮೊದಲು ಯಾರಾದರೂ ಹೋಗಿದ್ದರೆ ಹಿಮದಲ್ಲಿ ಅವರ ಕಾಲಿನ ಗುರುತು ಇರುತ್ತದೆ, ಅದರಲ್ಲೇ ಕಾಲಿಟ್ಟು ಹೋಗಬಹುದು. ಇಲ್ಲದಿದ್ದರೆ ಪ್ರತಿ ಹೆಜ್ಜೆಯನ್ನೂ ನೀನೇ ಒದ್ದು ಮಾಡಿಕೊಳ್ಳಬೇಕು. ಬಾದಾಮಿಯಲ್ಲಿ ಒಂದೇ ಬಂಡೆಯನ್ನು ಎರಡನೇ ಸಲ ಹತ್ತುವಾಗ ಎಷ್ಟು ಬೇಗ ಆಗುತ್ತದೆ ಎಂದು ನಿನಗೇ ಗೊತ್ತು. ಎಲ್ಲಿ ಕೈ, ಎಲ್ಲಿ ಕಾಲು ಎಂದು ಹುಡುಕುವ ಹೊತ್ತೆಲ್ಲ ಉಳಿಯುತ್ತದೆ.

ಈಗ ಐಗರ್‌ಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನಲ್ಲಿದೆ, 3,967 ಮೀಟರ್. ನಮ್ಮ ಹಿಮಾಲಯದ ಲೆಕ್ಕದಲ್ಲಿ ಸಣ್ಣದು. ಆದರೆ ಅದರ ಉತ್ತರದ ಗೋಡೆ ಸುಮಾರು 1,800 ಮೀಟರ್ ನೆಟ್ಟಗೆ ಎದ್ದು ನಿಂತಿದೆ. ಕೆಳಗೆ ಕ್ಲೈನ ಶೈಡೆಗ್ ಎಂಬ ಜಾಗದಲ್ಲಿ ಹೋಟೆಲುಗಳಿವೆ. ಅಲ್ಲಿಂದಲೇ ಜನ ದೂರದರ್ಶಕ ಇಟ್ಟುಕೊಂಡು ಮೇಲೆ ಹತ್ತುವವರನ್ನು ನೋಡುತ್ತಾರೆ. 1938ರ ಜುಲೈನಲ್ಲಿ ಹೆಕ್‌ಮೇರ್, ಫೋರ್ಗ್, ಕಾಸ್ಪರೆಕ್, ಹಾರರ್ ಎಂಬ ನಾಲ್ವರು ಮೊದಲ ಸಲ ಅದನ್ನು ಹತ್ತಿ ಮುಗಿಸಿದರು. ಕಾಸ್ಪರೆಕ್ ಮತ್ತು ಹಾರರ್‌ಗೆ ನಾಲ್ಕು ದಿನ ಹಿಡಿಯಿತು. 1950ರಲ್ಲಿ ಆಸ್ಟ್ರಿಯಾದ ಇಬ್ಬರು 18 ಗಂಟೆಯಲ್ಲಿ ಮುಗಿಸಿದರು. 1974ರಲ್ಲಿ ಮೆಸ್ನರ್ ಮತ್ತು ಹಾಬೆಲರ್ 10 ಗಂಟೆಯಲ್ಲಿ.

ಇವರು ಬೇಗ ಹೋಗಿದ್ದು ಯಾಕೆ ಅನ್ನುವುದು ಮುಖ್ಯ. ಆ ಗೋಡೆಯ ಮೇಲ್ಭಾಗಕ್ಕೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತದೆ. ಕಲ್ಲುಗಳನ್ನು ಹಿಡಿದಿಟ್ಟಿದ್ದ ಹಿಮ ಕರಗುತ್ತದೆ, ಕಲ್ಲು ಉದುರಲು ಶುರುವಾಗುತ್ತದೆ. ಬಿಳಿ ಜೇಡ ಅಂತ ಕರೆಯುವ ಒಂದು ಹಿಮದ ಹರವು ಇದೆ, ಮೇಲಿಂದ ಬಿದ್ದಿದ್ದೆಲ್ಲ ಅದರ ಮೂಲಕವೇ ಬರುತ್ತದೆ. ಅಂಥ ಕಡೆ ಎರಡು ರಾತ್ರಿ ಕಳೆಯುವವರಿಗಿಂತ ಅರ್ಧ ದಿನದಲ್ಲಿ ದಾಟಿ ಹೋಗುವವರಿಗೆ ಅಪಾಯ ಕಡಿಮೆ. ಹವಾಮಾನ ಕೆಡುವ ಮೊದಲೇ ಮನೆ ಸೇರಬಹುದು. ಹೊರುವ ಊಟ, ಗ್ಯಾಸು, ಹೊದಿಕೆ ಕಡಿಮೆ. ಹೊರೆ ಕಡಿಮೆಯಾದಷ್ಟೂ ಇನ್ನೂ ಬೇಗ. ಹಾಗಾಗಿ ಪರ್ವತಾರೋಹಿಗಳಿಗೆ ವೇಗದ ಮೇಲೆ ಗೌರವ ಹಳೆಯ ಕಾಲದಿಂದಲೂ ಇದೆ. ವೇಗ ಎಂದರೆ ಬರೀ ಹುಚ್ಚು ಎಂದು ನಾನು ಹೇಳುವುದಿಲ್ಲ. ನಿನಗೆ ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡ.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 1986ರದ್ದು. ಎರಾರ್ ಲೊರೆತಾನ್, ಜಾನ್ ತ್ರುವಾಯೆ ಎಂಬ ಇಬ್ಬರು ಸ್ವಿಸ್ ಗೈಡ್‌ಗಳು ಎವರೆಸ್ಟನ್ನು ಉತ್ತರದ ಗೋಡೆಯಿಂದ ಹತ್ತಿ 43 ಗಂಟೆಯೊಳಗೆ ವಾಪಸ್ ಬಂದರು. ಆಕ್ಸಿಜನ್ ಇಲ್ಲ, ಟೆಂಟ್ ಇಲ್ಲ, ಯಾರೂ ಮೊದಲೇ ಕಟ್ಟಿಟ್ಟ ಹಗ್ಗವೂ ಇಲ್ಲ. ರಾತ್ರಿ ಹಿಮ ಗಟ್ಟಿಯಾಗಿರುವಾಗ ಹತ್ತುವುದು, ಹಗಲು ಬಿಸಿಲಿರುವಾಗ ಹಿಮದಲ್ಲೇ ಕೂತು ಸುಧಾರಿಸಿಕೊಳ್ಳುವುದು. ಇಳಿಯುವಾಗ ಹೆಚ್ಚಿನ ದಾರಿ ಕೂತುಕೊಂಡೇ ಜಾರಿ ಬಂದರು! ಅವರು ಯಾರ ಜೊತೆಗೂ ಪಂದ್ಯ ಕಟ್ಟಿರಲಿಲ್ಲ. ಅಷ್ಟು ಎತ್ತರದಲ್ಲಿ ಜಾಸ್ತಿ ಹೊತ್ತು ಇದ್ದರೆ ಮೈ ಸೋಲುತ್ತದೆ, ಅದಕ್ಕೇ ಬೇಗ ಹೋಗಿ ಬರಬೇಕು ಎಂಬ ಲೆಕ್ಕ ಅವರದು. ಆ 43 ಗಂಟೆಯನ್ನು ಇವತ್ತಿಗೂ ಹತ್ತುವವರು ಗೌರವದಿಂದ ನೆನೆಯುತ್ತಾರೆ.

ನೀನು ಕೇಳಿದ್ದು ಊಲಿ ಸ್ಟೆಕ್ ಬಗ್ಗೆ. ಸ್ವಿಟ್ಜರ್ಲೆಂಡಿನವರು, ವೃತ್ತಿಯಿಂದ ಬಡಗಿ. 18ನೇ ವಯಸ್ಸಿನಲ್ಲೇ ಐಗರ್ ಗೋಡೆ ಹತ್ತಿದ್ದವರು. 2007ರಲ್ಲಿ ಒಬ್ಬರೇ 3 ಗಂಟೆ 54 ನಿಮಿಷದಲ್ಲಿ ಹತ್ತಿದರು. ಅದು ಸಾಲದು ಅನ್ನಿಸಿ, ಓಟದ ಸ್ಪರ್ಧಿಗಳ ಹಾಗೆ ತರಬೇತಿ ಮಾಡಿ, ಮುಂದಿನ ಫೆಬ್ರವರಿಯಲ್ಲಿ 2 ಗಂಟೆ 47 ನಿಮಿಷಕ್ಕೆ ಇಳಿಸಿದರು. ಅದಾಗಿ ಮೂರು ವರ್ಷಕ್ಕೆ, 2011ರಲ್ಲಿ, ಡಾನಿ ಆರ್ನಾಲ್ಡ್ ಎಂಬ ಇನ್ನೊಬ್ಬ ಸ್ವಿಸ್ ಹುಡುಗ 2 ಗಂಟೆ 28 ನಿಮಿಷದಲ್ಲಿ ಹತ್ತಿದರು. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು, ದಾಖಲೆ ಮುರಿಯಿತು ಎಂದು ಬರೆದವು. ಹತ್ತುವವರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದರು. ಹಿಂಟರ್‌ಸ್ಟಾಯ್ಸರ್ ಅಡ್ಡದಾರಿಯಲ್ಲಿ ಹಗ್ಗ ಹಿಡಿದರಾ, ಇಲ್ವಾ?

ಆ ಹಗ್ಗದ ಕಥೆ ನಿನಗೆ ಹೇಳಲೇಬೇಕು. ಗೋಡೆಯ ಕೆಳಭಾಗದಲ್ಲಿ ಒಂದು ನುಣುಪಾದ ಬಂಡೆ ಇದೆ. ಮೇಲೆ ಹೋಗಲಾಗದು, ಎಡಕ್ಕೆ ಅಡ್ಡವಾಗಿ ದಾಟಬೇಕು. 1936ರಲ್ಲಿ ಆಂಡ್ರಿಯಾಸ್ ಹಿಂಟರ್‌ಸ್ಟಾಯ್ಸರ್ ಎಂಬ ಯುವಕ ಅದನ್ನು ಮೊದಲ ಸಲ ದಾಟಿದ. ಜೊತೆಗಿದ್ದ ಮೂವರೂ ಹಗ್ಗ ಹಿಡಿದು ದಾಟಿದರು. ಆಮೇಲೆ ಹಗ್ಗ ಎಳೆದುಕೊಂಡು ಮುಂದೆ ಹೋದರು. ಮೇಲೆ ಒಬ್ಬನಿಗೆ ಕಲ್ಲು ಬಿದ್ದು ಪೆಟ್ಟಾಯಿತು, ಹವೆ ಕೆಟ್ಟಿತು, ವಾಪಸ್ ಹೊರಟರು. ಅಷ್ಟರಲ್ಲಿ ಆ ಬಂಡೆಯ ಮೇಲೆ ಹಿಮ ಕಟ್ಟಿತ್ತು. ಹಗ್ಗ ಇಲ್ಲದೆ ಹಿಂದಕ್ಕೆ ದಾಟಲು ಆಗಲೇ ಇಲ್ಲ. ನೇರ ಕೆಳಗಿಳಿಯಲು ಹೋದಾಗ ಮೂವರು ಸತ್ತರು. ಟೋನಿ ಕುರ್ಟ್ಸ್ ಎಂಬವ ಮಾತ್ರ ಉಳಿದು, ಇಡೀ ರಾತ್ರಿ ಹಗ್ಗದಲ್ಲಿ ನೇತಾಡುತ್ತಿದ್ದ. ಗೋಡೆಯೊಳಗೆ ರೈಲಿನ ಸುರಂಗ ಇದೆ. ಅದರ ಕಿಂಡಿಯಿಂದ ಗೈಡ್‌ಗಳು ಹೊರಗೆ ಬಂದು ಅವನ ಕೆಳಗೇ ನಿಂತರು. ಅವನ ಹಗ್ಗ ಕೆಳಗಿನವರೆಗೆ ಸಾಕಾಗಲಿಲ್ಲ, ಎರಡು ಹಗ್ಗ ಸೇರಿಸಿ ಗಂಟು ಹಾಕಬೇಕಾಯಿತು. ಆ ಗಂಟು ಹಗ್ಗ ಹಾಯುವ ಲೋಹದ ಕೊಂಡಿಯಾದ ಕ್ಯಾರಬೀನರಿನೊಳಗೆ ತೂರಲಿಲ್ಲ. ಹೆಪ್ಪುಗಟ್ಟಿದ ಕೈಯಿಂದ ಎಳೆದಾಡಿ ಎಳೆದಾಡಿ, ಗೈಡ್‌ಗಳಿಂದ ಕೆಲವೇ ಅಡಿ ದೂರದಲ್ಲಿ ಪ್ರಾಣ ಬಿಟ್ಟ.

ಈಗ ಆ ಜಾಗದಲ್ಲಿ ಹಗ್ಗ ಕಟ್ಟಿಯೇ ಇರುತ್ತದೆ. ಎಲ್ಲರೂ ಹಿಡಿಯುತ್ತಾರೆ, ಹಿಡಿಯಬೇಕು ಕೂಡ. ಆದರೆ 2008ರಲ್ಲಿ ಸ್ಟೆಕ್ ಅದನ್ನು ಹಿಡಿಯಲಿಲ್ಲ. ಆ ಬಂಡೆಯನ್ನು ಕೈಕಾಲು, ಐಸ್ ಆಕ್ಸ್, ಬೂಟಿಗೆ ಕಟ್ಟುವ ಮುಳ್ಳುಗಳಾದ ಕ್ರ್ಯಾಂಪಾನ್ ಇಷ್ಟರಲ್ಲೇ ದಾಟಿದರು. 2011ರಲ್ಲಿ ಆರ್ನಾಲ್ಡ್ ಹಗ್ಗ ಹಿಡಿದರು, ಅದನ್ನು ಮುಚ್ಚಿಡಲೂ ಇಲ್ಲ. 2015ರ ನವೆಂಬರ್‌ನಲ್ಲಿ ಸ್ಟೆಕ್ ಮತ್ತೆ ಹೋಗಿ, ಈ ಸಲ ಅವರೂ ಹಗ್ಗ ಹಿಡಿದು, 2 ಗಂಟೆ 22 ನಿಮಿಷ 50 ಸೆಕೆಂಡಿನಲ್ಲಿ ಮೇಲಿದ್ದರು. ನೀನು ಕೇಳಿದ ಸಂಖ್ಯೆ ಇದು. ಅದಕ್ಕೆ ಐದು ದಿನ ಮೊದಲಷ್ಟೇ ಅವರು ನಿಕೋಲಾಸ್ ಹೋಯಾಕ್ ಎಂಬ ಗೆಳೆಯನ ಜೊತೆ ಅದೇ ಗೋಡೆಯನ್ನು ಹತ್ತಿದ್ದರು.

ಹಾಗಾಗಿ ನನ್ನ ಮಟ್ಟಿಗೆ 2 ಗಂಟೆ 47 ನಿಮಿಷವೇ 2 ಗಂಟೆ 22 ನಿಮಿಷಕ್ಕಿಂತ ದೊಡ್ಡದು. ಎಲ್ಲರೂ ಹೀಗೇ ಹೇಳಲಿಕ್ಕಿಲ್ಲ. ಆದರೆ ಹತ್ತುವವರ ನಡುವೆ ಕೂತರೆ, ಎಷ್ಟು ಹೊತ್ತು ಎಂಬ ಪ್ರಶ್ನೆಯ ಬೆನ್ನಿಗೇ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಗ್ಗ ಯಾರು ಕಟ್ಟಿದ್ದು, ಹಿಮದಲ್ಲಿ ಹೆಜ್ಜೆ ಯಾರು ಮಾಡಿದ್ದು, ಆಕ್ಸಿಜನ್ ಇತ್ತಾ, ಗಡಿಯಾರ ಎಲ್ಲಿಂದ ಶುರು ಮಾಡಿದರು. ಈ ಪ್ರಶ್ನೆಗಳನ್ನು ಹೊಟ್ಟೆಕಿಚ್ಚು ಅಂದುಕೊಳ್ಳಬೇಡ. ಪರ್ವತದಲ್ಲಿ ಅಂಪೈರ್ ಇಲ್ಲ, ಹತ್ತಿದವರ ಮಾತೇ ಸಾಕ್ಷಿ. ಸ್ಟೆಕ್ 2013ರಲ್ಲಿ ಅನ್ನಪೂರ್ಣಾದ ದಕ್ಷಿಣದ ಗೋಡೆಯನ್ನು ಒಬ್ಬರೇ 28 ಗಂಟೆಯಲ್ಲಿ ಹತ್ತಿ ಇಳಿದೆ ಎಂದಾಗ, ಶಿಖರದ ಫೋಟೋ ಇಲ್ಲ, ಕ್ಯಾಮೆರಾ ದಾರಿಯಲ್ಲಿ ಕಳೆದುಹೋಗಿತ್ತು. ಪರ್ವತಾರೋಹಣದ ದೊಡ್ಡ ಪ್ರಶಸ್ತಿಯಾದ ಪಿಯೊಲೆ ದಾರ್ ಅವರಿಗೆ ಬಂತು. ಅನುಮಾನಪಟ್ಟವರು ಅನುಮಾನಪಡುತ್ತಲೇ ಇದ್ದರು. 2017ರ ಏಪ್ರಿಲ್ 30ರಂದು ಅವರು ಎವರೆಸ್ಟ್ ಪಕ್ಕದ ನುಪ್ಚೆಯಲ್ಲಿ ಒಬ್ಬರೇ ಇದ್ದಾಗ ಬಿದ್ದು ತೀರಿಕೊಂಡರು. ಆಗ ಅವರಿಗೆ 40 ವರ್ಷ. ಆ ದಿನ ಅವರು ದಾಖಲೆಗಾಗಿ ಓಡುತ್ತಿರಲಿಲ್ಲ, ಎವರೆಸ್ಟ್ ಮತ್ತು ಅದರ ಪಕ್ಕದ ಲ್ಹೋತ್ಸೆ ಶಿಖರಕ್ಕೆ ಹೋಗುವ ಮೊದಲು ಎತ್ತರಕ್ಕೆ ಮೈ ಪಳಗಿಸಿಕೊಳ್ಳುತ್ತಿದ್ದರು.

ಅಮೆರಿಕದ ಯೊಸೆಮಿಟಿಯಲ್ಲಿ ಎಲ್ ಕ್ಯಾಪಿಟನ್ ಎಂಬ ಬಂಡೆ ಇದೆ, ಅದರಲ್ಲಿ ನೋಸ್ ಎಂಬ ದಾರಿ. ಅಲ್ಲಿ ದಾಖಲೆ ಎನ್ನುವುದು ಬಹಿರಂಗ ಪಂದ್ಯವೇ. ಬೇಗ ಹೋಗಲು ಇಬ್ಬರೂ ಒಟ್ಟಿಗೇ ಹತ್ತುತ್ತಾರೆ, ನಿಂತು ಬಿಲೇ ಕೊಡುವವರು, ಅಂದರೆ ಬಿದ್ದರೆ ತಡೆಯಲು ಹಗ್ಗ ಹಿಡಿದು ನಿಲ್ಲುವವರು, ಇರುವುದಿಲ್ಲ, ಬಂಡೆಗೆ ಸಿಕ್ಕಿಸುವ ಗೇರ್ ಕೂಡ ಕಡಿಮೆ. ಹಾಗಾಗಿ ಬಿದ್ದರೆ ಉದ್ದಕ್ಕೆ ಬೀಳುತ್ತಾರೆ. 2018ರ ಜೂನ್ 6ರಂದು ಅಲೆಕ್ಸ್ ಹೊನಾಲ್ಡ್, ಟಾಮಿ ಕಾಲ್ಡ್‌ವೆಲ್ 1 ಗಂಟೆ 58 ನಿಮಿಷದಲ್ಲಿ ಮುಗಿಸಿದರು. ನಾಲ್ಕು ದಿನ ಮೊದಲು ಅದೇ ಬಂಡೆಯಲ್ಲಿ ಬೇಗ ಹತ್ತುತ್ತಿದ್ದ ಇಬ್ಬರು ಅನುಭವಿಗಳು ಬಿದ್ದು ಸತ್ತಿದ್ದರು. ಅದರ ಹಿಂದಿನ ವರ್ಷ ಕ್ವಿನ್ ಬ್ರೆಟ್ ಅದೇ ನೋಸ್‌ನಲ್ಲಿ ಬಿದ್ದರು. ಒಮ್ಮೆ ಅಲ್ಲಿ ಮಹಿಳೆಯರ ವೇಗದ ದಾಖಲೆ ಮಾಡಿದ್ದವರು ಅವರು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಈಗ ಕೈಯಿಂದ ಪೆಡಲ್ ತಿರುಗಿಸುವ ಸೈಕಲಿನಲ್ಲಿ ಬೆಟ್ಟದ ದಾರಿಗಳನ್ನು ಸುತ್ತುತ್ತಾರೆ. ನಾನು ಅವರ ಬಗ್ಗೆ ಓದಿದ ದಿನ ನಿನಗೆ ಕರೆ ಮಾಡಿದ್ದೆ, ಸುಮ್ನೆ ಮಾತಾಡಬೇಕು ಅನ್ನಿಸಿತ್ತು.

ನನ್ನನ್ನು ಜಾಸ್ತಿ ಕಾಡುವುದು ಹಿಮಾಲಯದ ಲೆಕ್ಕ. 8,000 ಮೀಟರಿಗಿಂತ ಎತ್ತರದ 14 ಶಿಖರಗಳನ್ನು ಹತ್ತಲು ಮೆಸ್ನರ್‌ಗೆ 16 ವರ್ಷ ಹಿಡಿಯಿತು, ಆಕ್ಸಿಜನ್ ಇಲ್ಲದೆ. 2019ರಲ್ಲಿ ನಿರ್ಮಲ್ ಪುರ್ಜಾ ಆಕ್ಸಿಜನ್ ಬಳಸಿ ಆರು ತಿಂಗಳು ಆರು ದಿನದಲ್ಲಿ ಮುಗಿಸಿದರು. 2023ರಲ್ಲಿ ನಾರ್ವೆಯ ಕ್ರಿಸ್ಟಿನ್ ಹರಿಲಾ ಮತ್ತು ನೇಪಾಳದ ತೆಂಜೆನ್ ಶೆರ್ಪಾ ಅದನ್ನು 92 ದಿನಕ್ಕೆ ಇಳಿಸಿದರು. ಅವರ ಕೊನೆಯ ಶಿಖರ ಕೆ2. ಅವರು ಹತ್ತಿದ ದಿನವೇ, ಜುಲೈ 27ರಂದು, ಮೊಹಮ್ಮದ್ ಹಸನ್ ಎಂಬ ಪಾಕಿಸ್ತಾನದ ಕೂಲಿಯವರು ಇಕ್ಕಟ್ಟಿನ ಜಾಗದಲ್ಲಿ ಬಿದ್ದರು. ಅಷ್ಟು ಎತ್ತರಕ್ಕೆ ಬೇಕಾದ ಬಟ್ಟೆಬರೆ ಅವರಲ್ಲಿರಲಿಲ್ಲ. ಜನ ಸಾಲಾಗಿ ಅವರನ್ನು ದಾಟಿ ಮೇಲೆ ಹೋದರು. ಹರಿಲಾ ತಮ್ಮ ತಂಡ ಗಂಟೆಗಟ್ಟಲೆ ಉಳಿಸಲು ನೋಡಿತು ಎಂದು ಹೇಳಿದ್ದಾರೆ, ಅದನ್ನು ನಾನು ಸುಳ್ಳು ಎನ್ನುವುದಿಲ್ಲ. ಆದರೆ ಆ ದಿನ ಶಿಖರ ತಲುಪಿದವರಲ್ಲಿ ಎಷ್ಟೋ ಮಂದಿ ವಾಪಸ್ ತಿರುಗಬಹುದಿತ್ತು. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಅದಾಗಿ ಎರಡೂವರೆ ತಿಂಗಳೂ ಆಗಿರಲಿಲ್ಲ. ಟಿಬೆಟ್‌ನ ಶಿಶಪಾಂಗ್ಮಾದಲ್ಲಿ ಅಮೆರಿಕದ ಇಬ್ಬರು ಹೆಂಗಸರು ಒಂದೇ ದಿನ ಶಿಖರಕ್ಕೆ ಹೊರಟರು, ಅನ್ನಾ ಗುಟು ಮತ್ತು ಜೀನಾ ರುಜುಸಿಡ್ಲೋ. ಇಬ್ಬರಿಗೂ ಬಾಕಿ ಇದ್ದದ್ದು ಅದೊಂದೇ ಶಿಖರ. ಮೊದಲು ತಲುಪಿದವರು 14 ಶಿಖರ ಮುಗಿಸಿದ ಮೊದಲ ಅಮೆರಿಕನ್ ಮಹಿಳೆ ಆಗುತ್ತಿದ್ದರು. ಅಕ್ಟೋಬರ್ 7ರಂದು ಹಿಮಕುಸಿತ ಒಂದಾದ ಮೇಲೆ ಒಂದು ಬಂದು ಇಬ್ಬರೂ ತೀರಿಕೊಂಡರು. ಅನ್ನಾ ಜೊತೆ ಮಿಂಗ್ಮಾರ್ ಶೆರ್ಪಾ, ಜೀನಾ ಜೊತೆ ತೆಂಜೆನ್ ಶೆರ್ಪಾ ಕೂಡ ಹೋದರು. ಹೌದು, 92 ದಿನದ ದಾಖಲೆಯ ಅದೇ ತೆಂಜೆನ್. ಅಷ್ಟು ದೊಡ್ಡ ದಾಖಲೆ ಮಾಡಿದವರು ಮತ್ತೆ ಇನ್ನೊಬ್ಬರ ದಾಖಲೆಗಾಗಿ ದುಡಿಯಲು ಹೋಗಿದ್ದರು, ಯಾಕೆಂದರೆ ಅವರ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಐಗರ್‌ನಲ್ಲಿ ಸ್ಟೆಕ್ ಅಪಾಯವನ್ನು ತಾವೊಬ್ಬರೇ ಹೊತ್ತರು. ಇಲ್ಲಿ ಹಾಗಲ್ಲ. ಅದಕ್ಕೇ ಇವೆರಡನ್ನೂ ದಾಖಲೆ ಎಂದು ಒಂದೇ ಸಾಲಿನಲ್ಲಿ ಬರೆಯುವಾಗ ನನಗೆ ಕೋಪ ಬರುತ್ತದೆ.

ನೀನು ಹತ್ತುವುದು ಬೇಡ ಎಂದು ಹೇಳಲು ಇಷ್ಟೆಲ್ಲ ಬರೆದೆ ಅಂದುಕೊಂಡೆಯಾ? ಅಲ್ಲ. ನನಗೆ ಭಯ ಇದೆ, ಇರುತ್ತದೆ. ಆದರೂ ಹೋಗು. ಗಡಿಯಾರದ ಜೊತೆಗೂ ನನಗೆ ಜಗಳ ಇಲ್ಲ. ಲಿನ್ ಹಿಲ್ ಗೊತ್ತಲ್ಲ? ನೋಸ್ ದಾರಿಯನ್ನು ಹಗ್ಗ, ಗೇರ್ ಹಿಡಿದು ಎಳೆಯದೆ, ಕೈಕಾಲಿನ ಬಲದಿಂದಲೇ ಪೂರ್ತಿ ಹತ್ತಿದ ಮೊದಲಿಗರು ಅವರೇ, 1993ರಲ್ಲಿ. ಗಂಡಸರು ಎಷ್ಟೋ ಮಂದಿ ಪ್ರಯತ್ನಿಸಿ ಬಿಟ್ಟಿದ್ದರು. ಬಿದ್ದರೆ ಹಿಡಿಯಲು ಹಗ್ಗ ಇತ್ತು, ಮೇಲೆ ಹೋಗಲು ಅದನ್ನು ಬಳಸಲಿಲ್ಲ. ಮರುವರ್ಷ ಅದನ್ನೇ ಒಂದು ದಿನದೊಳಗೆ, 23 ಗಂಟೆಯಲ್ಲಿ ಹತ್ತಿದರು. ಅದೇ ರೀತಿ ಒಂದು ದಿನದಲ್ಲಿ ಹತ್ತಲು ಇನ್ನೊಬ್ಬರಿಗೆ ಸಾಧ್ಯವಾದದ್ದು 2005ರಲ್ಲಿ, ಮೇಲೆ ಹೇಳಿದ ಕಾಲ್ಡ್‌ವೆಲ್‌ಗೆ. ಸಂಖ್ಯೆ ಮಾತ್ರ ನೋಡಿದರೆ 23 ಗಂಟೆ ಎಲ್ಲಿ, 1 ಗಂಟೆ 58 ನಿಮಿಷ ಎಲ್ಲಿ? ಕಾಲ್ಡ್‌ವೆಲ್ ಎರಡೂ ರೀತಿಯಲ್ಲಿ ಹತ್ತಿದವರು. ನಿನಗೆ ಯಾವುದು ದೊಡ್ಡದು ಅನ್ನಿಸುತ್ತದೆ, ಕೋರ್ಸ್ ಮುಗಿಸಿ ಬಂದ ಮೇಲೆ ಹೇಳು. ನಾನು ಹೇಳಿದ್ದನ್ನು ಒಪ್ಪದಿದ್ದರೂ ಪರವಾಗಿಲ್ಲ, ಯಾಕೆ ಅಂತ ಬರೆ.

ನಿನ್ನ
ಅಮ್ಮ