ಗದ್ದೆಯ ಮೂಲೆಯನ್ನು ವಾರ ಮೊದಲೇ ಕೊಯ್ಯಿರಿ

ಮಾನ್ಯ ಸಂಪಾದಕರೆ,

ಮಲೆನಾಡಿನ ಗದ್ದೆಗಳಿಗೆ ಚೈನಿನ ಕೊಯ್ಲು ಯಂತ್ರ ಇಳಿಯುವ ಹೊತ್ತು ಬಂದಿದೆ. ಅದರ ಬೆನ್ನಿಗೇ ಒಂದು ಗೊಣಗಾಟವೂ ಬರುತ್ತದೆ: ಯಂತ್ರ ಬಂದಮೇಲೆ ತೋರಣಕ್ಕೆ ತೆನೆ ಇಲ್ಲ, ಹಗ್ಗ ಹೊಸೆಯಲು, ಸಿಂಬೆ ಸುತ್ತಲು ಉದ್ದ ಹುಲ್ಲಿಲ್ಲ. ಈ ಮಾತು ಅರ್ಧ ನಿಜ. ಯಂತ್ರದ ಹೊಟ್ಟೆಗೆ ಹೋದ ಹುಲ್ಲು ಉರುಳೆಯ ಹಲ್ಲಿಗೆ ಸಿಕ್ಕಿ ಮುರಿದು, ಸೀಳಿ ಹೊರಬೀಳುತ್ತದೆ. ದನ ತಿನ್ನಬಹುದು, ಹೆಣೆಯಲು ಬರುವುದಿಲ್ಲ. ಆದರೆ ಯಾವ ಯಂತ್ರವೂ ಗದ್ದೆಯ ಮೂಲೆಗೆ ಬಾಯಿ ಹಾಕಲಾರದು. ಅದು ತಿರುಗಲೆಂದು ನಾಲ್ಕು ಮೂಲೆ, ಒಳಗಿಳಿಯಲೆಂದು ಬದುವಿನ ಪಕ್ಕ ಒಂದಿಷ್ಟು ಜಾಗ, ಇಷ್ಟನ್ನು ಮನೆಯವರೇ ಕತ್ತಿ ಹಿಡಿದು ಕೊಯ್ದು ಕೊಡಬೇಕು. ಹಾಗೆ ಕೊಯ್ದದ್ದನ್ನು ಮತ್ತೆ ಯಂತ್ರದ ಬಾಯಿಗೇ ತುರುಕುತ್ತಾರೆ. ನಮ್ಮ ಕೋರಿಕೆ ಇಷ್ಟೆ: ಆ ಮೂಲೆಗಳನ್ನು ಯಂತ್ರ ಬಂದ ದಿನ ಬೆಳಿಗ್ಗೆ ಅಲ್ಲ, ಆರೇಳು ದಿನ ಮೊದಲೇ ಕೊಯ್ದಿಡಿ.

ಎಷ್ಟು ಬೇಕೆಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಮೂರಡಿ ಬಾಗಿಲಿನ ತೋರಣಕ್ಕೆ ಅರ್ಧ ಇಂಚಿಗೊಂದರಂತೆ 72 ಗೊಂಚಲು, ಗೊಂಚಲಿಗೆ ಮೂರು ತೆನೆ, ಅಂದರೆ 216. ಮುರಿಯುವುದು, ಉದುರುವುದು ಸೇರಿ 240 ಎಂದಿಟ್ಟುಕೊಳ್ಳಿ. ಒಂದು ಬುಡದಲ್ಲಿ ಎಂಟು-ಹತ್ತು ಒಳ್ಳೆಯ ತೆನೆ ಸಿಕ್ಕರೆ ಮೂವತ್ತು ಬುಡ ಸಾಕು. ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಟ್ಟ ಗದ್ದೆಯಲ್ಲಿ ಅದು ಒಂದು ಚದರ ಮೀಟರ್ ಜಾಗ. ಭತ್ತದ ತೂಕದಲ್ಲಿ ಮುಕ್ಕಾಲು ಕಿಲೋ ಹೆಚ್ಚುಕಡಿಮೆ. ಹತ್ತಡಿ ಉದ್ದಗಲದ ಒಂದೇ ಮೂಲೆಯಲ್ಲಿ ಇಡೀ ಕೇರಿಗೆ ಆಗುವಷ್ಟು ತೆನೆ ಇರುತ್ತದೆ; ನಾಲ್ಕೂ ಮೂಲೆಯ ಹುಲ್ಲು ಒಂದು ಮನೆಯ ಹಗ್ಗ, ಸಿಂಬೆಗೆ ಮಿಕ್ಕಿ ಉಳಿಯುತ್ತದೆ.

ವಾರ ಮೊದಲು ಏಕೆ? ಪೂರ್ತಿ ಹಣ್ಣಾದ ತೆನೆಯಲ್ಲಿ ಕಾಳಿನ ತೊಟ್ಟು ಸಡಿಲವಾಗಿರುತ್ತದೆ, ಹೆಣೆಯುವಾಗಲೇ ಮಡಿಲು ತುಂಬ ಉದುರುತ್ತದೆ. ತೀರಾ ಹಸಿರಿದ್ದಾಗ ಕೊಯ್ದರೆ ಕಾಳು ಸುಕ್ಕಿ, ಬಣ್ಣ ಮಂಕಾಗುತ್ತದೆ. ತೆನೆಯ ಮೇಲಿನ ಮುಕ್ಕಾಲು ಭಾಗ ಹೊಂಬಣ್ಣಕ್ಕೆ ತಿರುಗಿ, ಬುಡದ ಕಾಳು ಇನ್ನೂ ಹಸಿರು ಹಿಡಿದಿರುವಾಗ ಹದ. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತರ ನಂತರವೇ ಕತ್ತಿ ಹಾಕಬೇಕು. ಒದ್ದೆ ತೆನೆಯನ್ನು ಕಟ್ಟಿಟ್ಟರೆ ಎರಡೇ ದಿನದಲ್ಲಿ ಒಳಗಿನದು ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬರುತ್ತದೆ. ಕೈಯಲ್ಲಿ ಹಿಡಿಯುವಷ್ಟು ದಪ್ಪದ ಕಟ್ಟು ಮಾಡಿ, ತೆನೆ ಕೆಳಗೆ ಬರುವಂತೆ ನೆರಳಿನಲ್ಲಿ ತೂಗುಹಾಕಿ, ಐದಾರು ದಿನ. ನೆಲದ ಮೇಲೆ ಮಲಗಿಸಿ ಒಣಗಿಸಿದರೆ ಕತ್ತು ಸೊಟ್ಟಗಾಗುತ್ತದೆ. ಬಿಸಿಲಿಗೆ ಹಾಕಿದರೆ ಹೊನ್ನಿನ ಬಣ್ಣ ಹೋಗಿ ಬಿಳಿಚುತ್ತದೆ, ಕಡ್ಡಿಯೂ ಗರಿಗರಿಯಾಗಿ ಮುರಿಯುತ್ತದೆ.

ಆರಿಸುವಾಗ ತೆನೆಯ ಕತ್ತು ನೋಡಿ. ಕುತ್ತಿಗೆ ಬೆಂಕಿ ರೋಗ ತಗುಲಿದ್ದರೆ ಅಲ್ಲಿ ಕಂದುಗಪ್ಪು ಉಂಗುರ ಇರುತ್ತದೆ, ಬಗ್ಗಿಸಿದೊಡನೆ ಟಕ್ಕೆಂದು ಮುರಿಯುತ್ತದೆ. ಹಳದಿ-ಹಸಿರು ಪುಡಿಯ ಉಂಡೆ ಕೂತ ತೆನೆ ಬೇಡ, ಮುಟ್ಟಿದ ಕಡೆಯೆಲ್ಲ ಬಣ್ಣ ಹತ್ತುತ್ತದೆ. ಕೆಲವೊಮ್ಮೆ ತೆನೆಯೇ ಬೂದು ಬಣ್ಣದ ಊದುಬತ್ತಿಯಂತೆ ನೆಟ್ಟಗೆ ನಿಂತಿರುತ್ತದೆ. ಅದರಲ್ಲಿ ಕಾಳೇ ಇರುವುದಿಲ್ಲ. (ಇಂಗ್ಲಿಷ್ ಪಠ್ಯಗಳಲ್ಲೂ ಆ ರೋಗದ ಹೆಸರು ಊದುಬತ್ತವೇ!) ಇತ್ತೀಚೆಗೆ ಔಷಧ ಹೊಡೆದ ಗದ್ದೆಯಾದರೆ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಳೆಯುವ ತನಕ ಮಕ್ಕಳ ಕೈಗೆ ತೆನೆ ಕೊಡಬೇಡಿ.

ಹೆಣಿಗೆಗೆ ಬೇಕಾದದ್ದು ಕೊನೆಯ ಗೆಣ್ಣಿನಿಂದ ತೆನೆಯವರೆಗಿನ ಕಡ್ಡಿ ಮಾತ್ರ. ಗೆಣ್ಣನ್ನು ಕತ್ತರಿಸಿ ಬಿಸಾಡಿ, ಸುತ್ತಿಕೊಂಡಿರುವ ಗರಿಯ ಪೊರೆಯನ್ನು ಸುಲಿದು ತೆಗೆಯಿರಿ. ಪೊರೆ ಉಳಿದರೆ ಹೆಣಿಗೆ ದಪ್ಪವಾಗಿ ಸಡಿಲ ಕೂರುತ್ತದೆ. ಆರೇಳು ವರ್ಷದ ಮಕ್ಕಳು ಈ ಸುಲಿಯುವ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಮೂರು ಮೂರು ತೆನೆ ಎಣಿಸಿ ಜೋಡಿಸುವುದು ಹತ್ತು ವರ್ಷದವರ ಪಾಲು. ಮೂರೂ ತೆನೆಯ ಕತ್ತು ಒಂದೇ ಮಟ್ಟದಲ್ಲಿ ಇರಬೇಕು, ತುದಿ ಅಲ್ಲ.

ನೆನೆಸುವುದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಭತ್ತದ ಕಡ್ಡಿ ಮೆದು. ಬಕೆಟ್ಟಿನಲ್ಲಿ ಮುಳುಗಿಸುವ ಅಗತ್ಯವೇ ಇಲ್ಲ. ಕಡ್ಡಿಯ ಭಾಗಕ್ಕಷ್ಟೇ ನೀರು ಚಿಮುಕಿಸಿ, ಹಿಂಡಿದ ಗೋಣಿತಟ್ಟಿನಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಕಾಳಿಗೆ ನೀರು ತಾಗಿದರೆ ಊದಿ ಕಪ್ಪಾಗುತ್ತದೆ, ಮಳೆಗಾಲದ ಹವೆಯಿದ್ದರೆ ಮೊಳಕೆಯೂ ಬಂದೀತು. ಕಡ್ಡಿ ಹೆಚ್ಚು ನೆನೆದು ಉಬ್ಬಿದ್ದರೆ ಹೆಣೆದ ದಿನ ಬಿಗಿಯಾಗಿಯೇ ಕಾಣುತ್ತದೆ. ವಾರ ಕಳೆಯುವಷ್ಟರಲ್ಲಿ ಒಣಗಿ ಕುಗ್ಗಿ, ಗೊಂಚಲು ಒಂದೊಂದಾಗಿ ಜಾರಿ ಬೀಳುತ್ತದೆ. ಅಂಟು ಹಾಕಿ ಸರಿಮಾಡಲು ಹೋಗುವವರಿದ್ದಾರೆ. ತಪ್ಪು ಇರುವುದು ನೀರಿನಲ್ಲಿ, ಅಂಟು ಅದಕ್ಕೆ ಮದ್ದಲ್ಲ.

ಹೆಣೆಯುವ ಕ್ರಮ ಮೂರು ಕಾಲಿನ ಜಡೆಯದು. ನಾಲ್ಕಡಿ ಉದ್ದದ ಪುಂಡಿ ನಾರಿನ ಹುರಿಯನ್ನು ಕಂಬಕ್ಕೆ ಕಟ್ಟಿ, ಮೊದಲ ಮೂರು ಗೊಂಚಲಿನ ಕಡ್ಡಿಗಳನ್ನು ಅದಕ್ಕೆ ಬಿಗಿದು ಮೂರು ಕಾಲು ಮಾಡಿಕೊಳ್ಳಿ. ಹುರಿ ನಡುವಿನ ಕಾಲಿನೊಳಗೆ ಸೇರಿರಲಿ, ಭಾರ ಹೊರುವುದು ಅದೇ. ಕೆಳಗಿನ ಕಾಲು ನಡುವಿಗೆ ಬಂದಾಗಲೆಲ್ಲ ಅದರ ಜೊತೆಗೆ ಒಂದು ಹೊಸ ಗೊಂಚಲಿನ ಕಡ್ಡಿ ಸೇರಿಸಿ, ತೆನೆಯನ್ನು ಕೆಳಗೆ ಬಿಡಿ. ಹೂವಿನ ಜಡೆ ಹಾಕಿ ರೂಢಿಯಿದ್ದವರಿಗೆ ಹೇಳಿಕೊಡಬೇಕಾದದ್ದೇ ಇಲ್ಲ. ಸೇರಿಸಿದ ಕಡ್ಡಿ ಕನಿಷ್ಠ ಮೂರು ಸುತ್ತು ಜಡೆಯೊಳಗೆ ನಡೆಯಬೇಕು, ಆಮೇಲೆ ಅದರ ತುದಿ ಹಿಂಬದಿಗೆ ಹೋಗಲಿ. ಒಂದೇ ಜಾಗದಲ್ಲಿ ಎರಡು ಕಡ್ಡಿ ಮುಗಿಯಬಾರದು, ಅಲ್ಲೇ ಸೊಂಟ ಮುರಿಯುತ್ತದೆ. ಎಂಟು ಹತ್ತು ಸುತ್ತಿಗೊಮ್ಮೆ ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ ಬಿಗಿಮಾಡಿ. ಮುಗಿದ ಮೇಲೆ ಜಡೆಯ ಭಾಗದ ಮೇಲೆ ಹಲಗೆ, ಅದರ ಮೇಲೆ ಒಂದು ಕಲ್ಲು ಹೇರಿ ರಾತ್ರಿ ಬಿಡಿ. ಬೆಳಿಗ್ಗೆ ಹಿಂಬದಿಯ ತುದಿಗಳನ್ನು ಕತ್ತರಿಸಿ. ನಾರಿನ ಬದಲು ಪ್ಲಾಸ್ಟಿಕ್ ದಾರ ಹಾಕಿದರೆ ಕಡ್ಡಿ ಅದರ ಮೇಲೆ ಜಾರುತ್ತದೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯಲು ಪುಂಡಿ ನಾರಿನ ಕುಂಚ ಮಾಡಿದ ಮನೆಗಳಲ್ಲಿ ಮಿಕ್ಕ ನಾರು ಇದ್ದೇ ಇರುತ್ತದೆ, ಅದನ್ನೇ ತೆಗೆಯಿರಿ.

ಮೂಲೆಯ ಉಳಿದ ಹುಲ್ಲು ಹಗ್ಗಕ್ಕೆ. ಬೆಳಗಿನ ಇಬ್ಬನಿಗೆ ಮೆದುವಾದಾಗ ಕೂತರೆ ನೀರು ಚಿಮುಕಿಸುವ ಕೆಲಸವೂ ಉಳಿಯುತ್ತದೆ. ಎರಡು ಎಳೆಯನ್ನೂ ಬಲಕ್ಕೆ ತಿರುಚಿ, ಒಂದರ ಮೇಲೊಂದು ಎಡಕ್ಕೆ ಸುತ್ತಬೇಕು. ಎರಡೂ ಒಂದೇ ದಿಕ್ಕಾದರೆ ಕೈಬಿಟ್ಟೊಡನೆ ಬಿಚ್ಚಿಕೊಳ್ಳುತ್ತದೆ. ಹೊಸ ಹುಲ್ಲು ನಾಲ್ಕು ನಾಲ್ಕು ಕಡ್ಡಿ, ಒಮ್ಮೆ ಈ ಎಳೆಗೆ, ಒಮ್ಮೆ ಆ ಎಳೆಗೆ. ಕಣ್ಣು ಮಂಜಾದ ಹಿರಿಯರೂ ಇದನ್ನು ಬೆರಳ ತುದಿಯಲ್ಲೇ ನಡೆಸಬಲ್ಲರು. ಸಿಂಬೆಗೆ ಮಣಿಕಟ್ಟಿನ ದಪ್ಪದ ಹುಲ್ಲನ್ನು ಬಳೆಯಂತೆ ಬಗ್ಗಿಸಿ, ಒಳಬಾಯಿ ನಾಲ್ಕೂವರೆ ಇಂಚು ಉಳಿಯುವಂತೆ ಹಗ್ಗ ಸುತ್ತಿ. ಸುತ್ತಿಗೆ ಸುತ್ತು ತಾಗಿರಲಿ. ಕೊನೆಯನ್ನು ಮೊಂಡು ಬಿದಿರಿನ ಸೂಜಿಯಿಂದ ಒಳಗೆಳೆದು ಬಿಡಿ, ಗಂಟು ಹಾಕಿದರೆ ತಲೆಗೆ ಒತ್ತುತ್ತದೆ.

ಹುಲ್ಲಿನ ಸುಂಕು ಮೈಗೆ ತಾಗಿದರೆ ತುರಿಕೆ. ಕೂರುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ತಡೆಯುತ್ತದೆ. ದಮ್ಮು ಇರುವವರು ಸುಲಿಯುವ ಜಾಗದಿಂದ ದೂರ ಕೂರಲಿ, ಕೈಗೂಸನ್ನಂತೂ ಹತ್ತಿರ ಬಿಡಬೇಡಿ.

ತಳಿಯ ಮಾತು. 1968ರಲ್ಲಿ ಬಂದ ಜಯ, ಆಮೇಲಿನ ಐಆರ್-64, ಎಂಟಿಯು-1001 ಎಲ್ಲವೂ ಗಿಡ್ಡ ತಳಿ. ತೋರಣಕ್ಕೆ ಅಡ್ಡಿಯಿಲ್ಲ, ಉದ್ದ ಹಗ್ಗಕ್ಕೆ ಹುಲ್ಲು ಸಾಲದು. ಹಗ್ಗವೂ ಬೇಕೆನ್ನುವವರು ನಾಟಿಯ ದಿನವೇ ಮೂಲೆಗೆ ಒಂದೆರಡು ಹಿಡಿ ಉದ್ದ ತಳಿಯ ಸಸಿ ಹಾಕಬಹುದು. ಆದರೆ ಅದು ಗದ್ದೆಯ ಉಳಿದ ಭತ್ತದೊಂದಿಗೆ ಅಥವಾ ಅದಕ್ಕಿಂತ ಮೊದಲು ಹಣ್ಣಾಗುವಂಥದ್ದಾಗಿರಬೇಕು. ತಡವಾದರೆ ಹಾಲುಗಾಳಿನಲ್ಲೇ ಯಂತ್ರದ ಚೈನಿಗೆ ಸಿಗುತ್ತದೆ. ಆ ಮೂಲೆಯ ಅಕ್ಕಪಕ್ಕದ ಭತ್ತವನ್ನು ಬೀಜಕ್ಕೆ ಇಟ್ಟುಕೊಳ್ಳಬೇಡಿ, ಬೆರಕೆಯಾಗುತ್ತದೆ. ಮೀಸೆ ಭತ್ತ ನೋಡಲು ಸೊಗಸು, ಹೆಣೆಯುವ ಬೆರಳಿಗೆ ಶಿಕ್ಷೆ.

ಕಟ್ಟಿದ ತೋರಣಕ್ಕೆ ಎರಡು ಶತ್ರು: ಪತಂಗ ಮತ್ತು ಇಲಿ. ಪತಂಗ ಗದ್ದೆಯಲ್ಲೇ ಕಾಳಿನ ಮೇಲೆ ಮೊಟ್ಟೆ ಇಟ್ಟಿರಬಹುದು. ಎರಡು ತಿಂಗಳಲ್ಲಿ ಕಾಳಿಗೊಂದು ತೂತು, ನೆಲದ ಮೇಲೆ ಹುಡಿ. ಸೌದೆ ಒಲೆಯಿರುವ ಮನೆಯಲ್ಲಿ ವಾರ ಹತ್ತು ದಿನ ಹೊಗೆ ತಾಗುವ ಕಡೆ ತೂಗುಹಾಕುವುದು ಹಳೆಯ ಉಪಾಯ. ಪೇಟೆಯ ನೆಂಟರಿಗೆ ಕಳಿಸುವುದಾದರೆ, ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಟ್ಟು ತೆಗೆಯಲು ಹೇಳಿ. ತೆಗೆದಮೇಲೆ ಚೀಲ ಬಿಚ್ಚುವುದು ತೋರಣ ಹೊರಗಿನ ಹವೆಗೆ ಬಂದ ನಂತರ, ಇಲ್ಲದಿದ್ದರೆ ಬೆವರುತ್ತದೆ. ಇಲಿಗೆ ಮದ್ದು ತೆಳು ತಂತಿ: ತೊಲೆಯಿಂದ ಒಂದಡಿ ಕೆಳಗೆ, ಗೋಡೆಗೆ ತಾಗದಂತೆ. ಹೊಳಪಿಗೆಂದು ವಾರ್ನಿಷ್ ಬಳಿಯುವುದು ನಮಗೆ ಒಪ್ಪಿಗೆಯಿಲ್ಲ. ಗುಬ್ಬಿ ಬಂದು ತಿನ್ನುವ ಜಾಗ ಅದು.

ಇನ್ನು, ಯಂತ್ರ ಬರುವ ದಿನ ಮೊದಲೇ ತಿಳಿಯುವುದಿಲ್ಲವಲ್ಲ ಎಂಬ ತಕರಾರು. ನಿಜ, ಏಜೆಂಟರು ಹೇಳುವುದು ಹಿಂದಿನ ರಾತ್ರಿ. ಅದಕ್ಕೇ ಯಂತ್ರದ ದಿನ ನೋಡಬೇಡಿ, ತೆನೆಯ ಬಣ್ಣ ನೋಡಿ ಕೊಯ್ಯಿರಿ. ಯಂತ್ರ ಹತ್ತು ದಿನ ತಡವಾದರೂ ಕೊಯ್ದ ಮೂಲೆಗೆ ನಷ್ಟವಿಲ್ಲ. ಅಡಿಕೆ ಸುಲಿತ ಶುರುವಾದ ಮೇಲೆ ರಾತ್ರಿಯ ಹೊತ್ತು ಯಾರ ಕೈಯೂ ಖಾಲಿ ಇರುವುದಿಲ್ಲ, ಆದ್ದರಿಂದ ಹೆಣಿಗೆ ಅದಕ್ಕೆ ಮೊದಲೇ ಮುಗಿಯಲಿ. ಯಂತ್ರವೇ ಮೊದಲು ಬಂದುಬಿಟ್ಟರೆ ಅವತ್ತು ಕೊಯ್ದ ಮೂಲೆಯ ಭತ್ತವನ್ನು ಕಲ್ಲಿಗೆ ಬಡಿದು ಕಾಳು ಬಿಡಿಸಿಕೊಳ್ಳಿ, ಹುಲ್ಲನ್ನು ಹಗ್ಗಕ್ಕೆ ಎತ್ತಿಡಿ. ತೋರಣ ಬರುವ ವರ್ಷಕ್ಕೆ.

ಇತಿ,
ಕೆಲವು ರೈತ ಮಹಿಳೆಯರು
ಸೊರಬ ತಾಲ್ಲೂಕು