ಗೋಡೆಯ ಮೆನು ಬಿಡಿ, ಸೌಟು ನೋಡಿ

ಮಾನ್ಯ ಸಂಪಾದಕರೇ,

ಡೇ ಕೇರ್‌ನಲ್ಲಿ ಮಗುವಿಗೆ ಊಟಕ್ಕೆ ಏನು ಕೊಡುತ್ತೀರಿ ಎಂದು ಪೋಷಕರು ವಿಚಾರಿಸುತ್ತಾರೆ. ಎಷ್ಟು ಗಟ್ಟಿಯಾಗಿ ಕೊಡುತ್ತೀರಿ ಎಂದು ಕೇಳುವವರು ಕಡಿಮೆ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬೇಳೆ, ತರಕಾರಿ, ಹಣ್ಣು ಎಲ್ಲವೂ ಇರುತ್ತವೆ. ತಟ್ಟೆಗೆ ಬರುವ ಹೊತ್ತಿಗೆ ಅದರಲ್ಲಿ ನೀರೇ ಹೆಚ್ಚು.

10 ಕೆ.ಜಿ. ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 300 ಮಿ.ಲೀ. ಹಾಗಾಗಿ ಒಳಗೆ ಹೋಗುವ ಪ್ರತಿ ಚಮಚವೂ ಲೆಕ್ಕಕ್ಕೆ ಬರುತ್ತದೆ. 20 ಮಕ್ಕಳಿಗೆ ತಲಾ 20 ಗ್ರಾಂನಂತೆ 400 ಗ್ರಾಂ ಒಣ ಬೇಳೆ ಹಾಕಿ, ಬೆಂದ ಮೇಲೆ 2 ಲೀಟರಿಗೆ ನಿಲ್ಲಿಸಿದರೆ 100 ಮಿ.ಲೀ. ಸೌಟಿನಲ್ಲಿ 4ರಿಂದ 5 ಗ್ರಾಂ ಪ್ರೋಟೀನ್ ಸಿಗುತ್ತದೆ. ಎರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದರಲ್ಲಿ ಇದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಅದೇ ಬೇಳೆಯನ್ನು 4 ಲೀಟರಿಗೆ ಹಿಗ್ಗಿಸಿದರೆ ಸೌಟು ಅದೇ, ಪ್ರೋಟೀನ್ ಅರ್ಧ. ‘ಹೊಟ್ಟೆ ತುಂಬ ಉಂಡಿತು’ ಎಂದು ಸಂಜೆ ಹೇಳುವ ಆಯಾ ಸುಳ್ಳು ಹೇಳುತ್ತಿಲ್ಲ, ತುಂಬಿದ್ದು ನೀರು ಅಷ್ಟೇ.

ಬಡಿಸುವಾಗ ಇನ್ನೊಂದು ಎಡವಟ್ಟಾಗುತ್ತದೆ. ಬೇಳೆ, ತರಕಾರಿ ತಳಕ್ಕೆ ಇಳಿದಿರುತ್ತವೆ. ಕದಡದೆ ಮೇಲಿಂದ ಎತ್ತಿದರೆ ಮೊದಲು ಕುಳಿತವರಿಗೆ ತಿಳಿ, ಕೊನೆಯವರಿಗೆ ಗಟ್ಟಿ. ಬಹಳ ಕಡೆ ಮೊದಲು ಉಣ್ಣಿಸುವುದು ತೀರಾ ಚಿಕ್ಕವರಿಗೇ! ಪ್ರತಿ ಸಲವೂ ಸೌಟು ತಳ ಮುಟ್ಟಿ ಬರಬೇಕು. ಚಮಚ ಓರೆ ಮಾಡಿದ ಕೂಡಲೇ ಸುರಿದುಹೋದರೆ ಅದು ತೆಳುವಾಯಿತೆಂದೇ ಅರ್ಥ. ಪ್ರತಿ ಮಗುವಿನ ಊಟಕ್ಕೆ ಒಂದು ಟೀ ಚಮಚ ಎಣ್ಣೆ ಸೇರಿಸಿದರೆ ಹೊಟ್ಟೆಯಲ್ಲಿ ಹೆಚ್ಚು ಜಾಗ ಕೇಳದೆ 40 ಕ್ಯಾಲೊರಿ ಬರುತ್ತದೆ. ಎಣ್ಣೆ ಎಂದರೆ ಬೆಚ್ಚುವುದು ದೊಡ್ಡವರ ಚಿಂತೆ, ಅದನ್ನು ಮಗುವಿನ ಮೇಲೆ ಹೇರಬಾರದು. ಉಪ್ಪಿನ ವಿಷಯ ತದ್ವಿರುದ್ಧ. ಅಡುಗೆಯವರ ನಾಲಿಗೆಗೆ ಹದವೆನಿಸಿದ್ದು ಮಗುವಿಗೆ ಜಾಸ್ತಿಯೇ.

ಖರ್ಚಿಲ್ಲದೆ ಆಗುವ ಬದಲಾವಣೆಯೂ ಒಂದಿದೆ. ಹಲವೆಡೆ ಮಧ್ಯಾಹ್ನ ಊಟದ ಜೊತೆ ಹಾಲು, ಸಂಜೆ ಹಣ್ಣು. ಇದನ್ನು ಅದಲುಬದಲು ಮಾಡಿ. ಬೇಳೆ, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೇ ಕಡಿಮೆ. ಅದೇ ಊಟದಲ್ಲಿ ಕಿತ್ತಳೆಯಂಥ ಹಣ್ಣಿನ ಸಿ ವಿಟಮಿನ್ ಇದ್ದರೆ ಹೆಚ್ಚುತ್ತದೆ, ಹಾಲು ಸೇರಿದರೆ ತಗ್ಗುತ್ತದೆ. ಮನೆಯದೂ ಸೇರಿ ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಹಾಲು ಕುಡಿಯುವ ಮಗುವಿಗೆ ಊಟವೂ ಸೇರುವುದಿಲ್ಲ. ಹಣ್ಣನ್ನು ಹಣ್ಣಾಗಿಯೇ ಕೊಡಿ, ಜ್ಯೂಸ್ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಬೇಕು. ಇಡೀ ಕಡಲೆಬೀಜ, ಬಾದಾಮಿಯನ್ನು ಐದು ವರ್ಷದವರೆಗೆ ಕೊಡಲೇಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಗೋಡೆಯ ಪಟ್ಟಿಯಲ್ಲಿ ಇನ್ನೆರಡು ಅಂಕಣ ಬೇಕು: ಇಂದು ಉಂಡ ಮಕ್ಕಳು ಎಷ್ಟು, ಪಾತ್ರೆಗೆ ಬಿದ್ದ ಒಣ ಬೇಳೆ ಎಷ್ಟು ಗ್ರಾಂ. ಭಾಗಿಸಿ ನೋಡುವುದು ಪೋಷಕರಿಗೆ ಗೊತ್ತು.

– ಒಬ್ಬ ಆಹಾರ ತಜ್ಞೆ