ಮೋಡ ನೋಡಿ ಇಂಗ್ಲಿಷ್ ಕಲಿಸಿ

ಮಾನ್ಯ ಸಂಪಾದಕರೇ,

ಕಾರವಾರದಲ್ಲಿ ಸಂಜೆ ಹೊತ್ತು ಮೀನುಗಾರರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳು ತರುವ ಗೈಡುಗಳಲ್ಲಿ ಭವಿಷ್ಯತ್ ಕಾಲ ಅಂದರೆ ಬರೀ ‘ವಿಲ್’. ಅದಕ್ಕೇ ‘ಇಫ್ ಇಟ್ ವಿಲ್ ರೇನ್’ ಎಂದು ಬರೆಯುತ್ತಾರೆ. ಷರತ್ತಿನ ಭಾಗಕ್ಕೆ ವರ್ತಮಾನವೇ ಸಾಕು: ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹೋಮ್’. ಇಲ್ಲಿನ ಕೂರ್ಮಗಡ ದ್ವೀಪದ ಮೇಲೆ ಕಪ್ಪು ಮೋಡ ಕಂಡರೆ ‘ಇಟ್ಸ್ ಗೋಯಿಂಗ್ ಟು ರೇನ್’. ಸುಳಿವು ಕಣ್ಣೆದುರೇ ಇದೆ, ಅಲ್ವಾ? ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಮುಗಿಯುವ ದಿನ ಮೊದಲೇ ಗೊತ್ತು. ಹಾಗಾಗಿ ‘ದ ಬ್ಯಾನ್ ಎಂಡ್ಸ್ ಆನ್ ಜುಲೈ 31’. ಇಲ್ಲಿ ‘ವಿಲ್’ ಇಲ್ಲದೆಯೂ ನಡೆಯುತ್ತದೆ.

‘ನಾನು ರಾಜನಾಗಿದ್ದರೆ’ ಎಂಬ ಹಳೇ ಉದಾಹರಣೆ ಸುಮ್ನೆ ಇನ್ನೆಷ್ಟು ವರ್ಷ? ‘ಇಫ್ ಐ ಹ್ಯಾಡ್ ಎ ಬೋಟ್’ ಎನ್ನಿ, ನಮ್ಮ ಹುಡುಗರು ಉಳಿದದ್ದನ್ನು ತಾವೇ ಮುಗಿಸುತ್ತಾರೆ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥವು ಬರಲಿ.

— ಓರ್ವ ಟ್ಯೂಷನ್ ಶಿಕ್ಷಕಿ, ಕಾರವಾರ